ಉಪಗ್ರಹ ಚಿತ್ರ ಮತ್ತು ಹಳೆಯ ನಕ್ಷೆಗಳ ಮೂಲಕ ಐತಿಹಾಸಿಕ ನಗರಗಳನ್ನು ನೋಡುವ ಸರಿಯಾದ ಕ್ರಮ ಯಾವುದು?

ಗೂಗಲ್ ಅರ್ಥ್‌ನಲ್ಲಿ ಕೊಲೊಸಿಯಮ್, ಪಿರಮಿಡ್, ಐಫೆಲ್ ಗೋಪುರಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ ಉಳಿದದ್ದೆಲ್ಲ ಒಂದೇ ಬಗೆಯ ಚಾವಣಿಗಳಂತೆ ಕಾಣುತ್ತಿದೆ, ಹಳೆಯ ನಗರವೊಂದನ್ನು ಕುಳಿತಲ್ಲಿಂದಲೇ ಅರಿಯಲು ಏನು ಮಾಡಬೇಕು ಎಂದು ಕೇಳಿದ್ದೀರಿ. ಸ್ಮಾರಕವನ್ನು ಬಿಟ್ಟು ಬೀದಿಯಿಂದ ಆರಂಭಿಸಿ ಎಂಬುದು ನನ್ನ ಸಲಹೆ. ಕಟ್ಟಡ ಬೀಳುತ್ತದೆ, ಅದರ ಕಲ್ಲುಗಳನ್ನು ಜನ ಹೊತ್ತೊಯ್ಯುತ್ತಾರೆ. ಆದರೆ ಅದರ ಸುತ್ತ ರೂಪುಗೊಂಡ ನಿವೇಶನಗಳ ಗಡಿಗಳೂ ದಾರಿಯ ತಿರುವುಗಳೂ ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಪ್ರತಿಯೊಂದು ಗಡಿಯ ಹಿಂದೆಯೂ ಅದನ್ನು ಬಿಟ್ಟುಕೊಡಲು ಒಪ್ಪದ ಒಬ್ಬ ಮಾಲೀಕನಿರುತ್ತಾನೆ.

ರೋಮ್ ನಗರದ ಪಿಯಾಝಾ ನವೋನಾ ಇದಕ್ಕೆ ಒಳ್ಳೆಯ ಉದಾಹರಣೆ. ಮೇಲಿನಿಂದ ನೋಡಿದರೆ ಅದು ಉದ್ದನೆಯ, ಕಿರಿದಾದ ಚೌಕ. ಅದರ ಉತ್ತರದ ತುದಿ ದುಂಡಾಗಿಯೂ ದಕ್ಷಿಣದ ತುದಿ ಹೆಚ್ಚುಕಡಿಮೆ ನೇರವಾಗಿಯೂ ಇದೆ. ಚೌಕವೊಂದಕ್ಕೆ ಈ ಆಕಾರ ಏಕೆ ಬಂತು ಎಂದು ಕೇಳಿಕೊಂಡರೆ ಒಂದನೇ ಶತಮಾನದಲ್ಲಿ ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ ಕ್ರೀಡಾಂಗಣಕ್ಕೆ ಬಂದು ತಲುಪುತ್ತೀರಿ. ಪ್ರೇಕ್ಷಕರ ಆಸನಗಳಿದ್ದ ಜಾಗದ ಮೇಲೆ ಮನೆಗಳೆದ್ದವು, ಓಟದ ಅಂಗಳ ಮಾತ್ರ ಬಯಲಾಗಿಯೇ ಉಳಿಯಿತು. ಇಟಲಿಯ ಲುಕ್ಕಾದಲ್ಲಿಯೂ ಹಾಗೆಯೇ: ರೋಮನ್ನರ ಬಯಲು ರಂಗಮಂದಿರ (ಆಂಫಿಥಿಯೇಟರ್) ಇದ್ದಲ್ಲಿ ಇಂದು ಮನೆಗಳು ಅಂಡಾಕಾರದಲ್ಲಿ ಸಾಲುಗಟ್ಟಿವೆ.

ಇದೇ ರೋಮ್‌ನ ಚಿತ್ರದ ಪಕ್ಕದಲ್ಲಿ 1748ರಲ್ಲಿ ಜಿಯಾಂಬಟಿಸ್ಟಾ ನೋಲಿ ಪ್ರಕಟಿಸಿದ ನಕ್ಷೆಯನ್ನು ಇಟ್ಟು ನೋಡಿ. ಖಾಸಗಿ ಕಟ್ಟಡಗಳನ್ನು ಕಪ್ಪಾಗಿಸಿ, ಬೀದಿಗಳನ್ನೂ ಜನರು ಒಳಹೋಗಬಹುದಾಗಿದ್ದ ಚರ್ಚುಗಳ ಒಳಾಂಗಣವನ್ನೂ ಆತ ಬಿಳಿಯಾಗಿಯೇ ಬಿಟ್ಟಿದ್ದಾನೆ. ಉಪಗ್ರಹ ಚಿತ್ರದಲ್ಲಿ, ರೋಮನ್ನರ ದೇವಾಲಯವಾಗಿದ್ದು ಮುಂದೆ ಚರ್ಚಾದ ಪ್ಯಾಂಥಿಯನ್ ಎಂದರೆ ನೆತ್ತಿಯಲ್ಲಿ ಕಪ್ಪು ಕಿಂಡಿಯಿರುವ ಗುಮ್ಮಟ. ನೋಲಿಯಲ್ಲಿ ಅದು ಎದುರಿನ ಚೌಕದ ಮುಂದುವರಿಕೆಯಾದ ಒಂದು ಬಿಳಿಯ ವೃತ್ತ. ಚಾವಣಿಯನ್ನಷ್ಟೇ ತೋರಿಸುವ ಚಿತ್ರಕ್ಕೆ ತಿಳಿಯದ ಸಂಗತಿಯನ್ನು, ಅಂದರೆ ಜನ ಎಲ್ಲಿ ಓಡಾಡುತ್ತಿದ್ದರು ಎಂಬುದನ್ನು, ನಕ್ಷೆ ಹೇಳುತ್ತದೆ. ನಾನಂತೂ ಮೂರು ಆಯಾಮದಲ್ಲಿ ನಗರದ ಮೇಲೆ ಹಾರಾಡುವ ಸೌಲಭ್ಯಕ್ಕಿಂತ ಇಂತಹ ಒಂದು ಜೋಡಿಯನ್ನೇ ಹೆಚ್ಚು ನೆಚ್ಚುತ್ತೇನೆ.

ಕೋಟೆಗೋಡೆ ಇಲ್ಲವಾದ ಊರುಗಳಲ್ಲಿ ಖಾಲಿ ಜಾಗವನ್ನು ಹುಡುಕಬೇಕು. ವಿಯೆನ್ನಾದ ಗೋಡೆಗಳನ್ನು ಕೆಡವಲು 1857ರಲ್ಲಿ ಆಜ್ಞೆಯಾಯಿತು. ಒಳಗಿನ ಇಕ್ಕಟ್ಟಾದ ಹಳೆಯ ಬೀದಿಗಳಿಗೂ ಹೊರಗಿನ ಬಡಾವಣೆಗಳಿಗೂ ನಡುವೆ ಉದ್ಯಾನಗಳು, ಭಾರಿ ಸಾರ್ವಜನಿಕ ಕಟ್ಟಡಗಳಿರುವ ಅಗಲವಾದ ಪಟ್ಟಿಯೊಂದು ಅಲ್ಲಿ ಇಂದಿಗೂ ಎದ್ದು ಕಾಣುತ್ತದೆ. ವೆನಿಸ್‌ನವರು 1593ರಲ್ಲಿ ಸ್ಥಾಪಿಸಿದ ಪಾಲ್ಮನೋವಾದಂತಹ ನಕ್ಷತ್ರಾಕಾರದ ಕೋಟೆಪಟ್ಟಣಗಳಿಗೆ ಇಷ್ಟು ಹುಡುಕಾಟವೇ ಬೇಡ, ನೋಡಿದೊಡನೆ ತಿಳಿಯುತ್ತದೆ.

ಹಳೆಯ ನಕ್ಷೆಗಳಿಗಾಗಿ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯ ಮತ್ತು ಡೇವಿಡ್ ರಮ್ಸಿ ಸಂಗ್ರಹದ ಜಾಲತಾಣಗಳನ್ನು ನೋಡಬಹುದು. ಮೊದಲನೆಯದರಲ್ಲಿ ಹಳೆಯ ನಕ್ಷೆಯನ್ನು ಇಂದಿನ ಚಿತ್ರದ ಮೇಲೆ ಹೊದಿಸಿ, ಬೇಕಾದಷ್ಟು ಪಾರದರ್ಶಕಗೊಳಿಸಿ ನೋಡುವ ವ್ಯವಸ್ಥೆಯಿದೆ. ನೀವೇ ನಕ್ಷೆಯನ್ನು ಹೊಂದಿಸುವುದಾದರೆ ಚರ್ಚಿನ ಮೂಲೆ, ಕಲ್ಲಿನ ಸೇತುವೆ ಮೊದಲಾದ ಕದಲದ ಬಿಂದುಗಳನ್ನು ಆರಿಸಿಕೊಳ್ಳಿ. ನದಿಯ ದಡವನ್ನು ನಂಬಬೇಡಿ, ಅದು ಸರಿದಿರಬಹುದು.

ಊರಿನಿಂದ ಹೊರಗೆ, ಹೊಲಗಳ ನಡುವೆ ಹುಡುಕುವಾಗ ಕಣ್ಣು ಮೋಸ ಹೋಗುವ ಸಂದರ್ಭ ಒಂದಿದೆ. ಉತ್ತರ ಗೋಳಾರ್ಧದಲ್ಲಿ ಬೆಳಗಿನ ಹೊತ್ತು ತೆಗೆದ ಚಿತ್ರಗಳಲ್ಲಿ ಸಾಮಾನ್ಯವಾಗಿ ನೆರಳು ವಾಯವ್ಯದ ಕಡೆಗೆ, ಅಂದರೆ ಪರದೆಯ ಮೇಲ್ಭಾಗಕ್ಕೆ ಬೀಳುತ್ತದೆ. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ಎಣಿಸುವ ನಮ್ಮ ಕಣ್ಣಿಗೆ ಆಗ ಕಂದಕ ದಿಬ್ಬವಾಗಿಯೂ ದಿಬ್ಬ ಕಂದಕವಾಗಿಯೂ ಕಾಣಬಹುದು. ದಕ್ಷಿಣ ದಿಕ್ಕು ಮೇಲೆ ಬರುವಂತೆ ಚಿತ್ರವನ್ನು ತಿರುಗಿಸಿದರೆ ಸಾಕು, ಎಲ್ಲವೂ ಸರಿಹೋಗುತ್ತದೆ.

ನೆಲದಡಿ ಹೂತುಹೋದದ್ದೂ ಕೆಲವೊಮ್ಮೆ ಬೆಳೆಯಲ್ಲಿ ಕಾಣುತ್ತದೆ. ಮುಚ್ಚಿಹೋದ ಕಂದಕದ ಮಣ್ಣು ತೇವವನ್ನು ಹಿಡಿದಿಡುವುದರಿಂದ ಅದರ ಮೇಲಿನ ಪೈರು ಎತ್ತರವಾಗಿ, ಹಸಿರಾಗಿ ಬೆಳೆಯುತ್ತದೆ. ಗೋಡೆಯ ಮೇಲಿನ ಪೈರು ಬೇಗನೆ ಬಾಡುತ್ತದೆ. ಬ್ರಿಟನ್ನಿನ ಸ್ಟೋನ್‌ಹೆಂಜ್ ಸಮೀಪದ ವುಡ್‌ಹೆಂಜ್ ಎಂಬ, ಒಂದು ಕಾಲಕ್ಕೆ ಮರದ ಕಂಬಗಳ ವೃತ್ತಗಳಿದ್ದ ತಾಣವನ್ನು 1925ರಲ್ಲಿ ಗಿಲ್ಬರ್ಟ್ ಇನ್ಸಾಲ್ ಗುರುತಿಸಿದ್ದು ವಿಮಾನದಿಂದ. 2018ರ ಒಣ ಬೇಸಿಗೆಯಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಎಂಬ ಶಿಲಾಯುಗದ ಸಮಾಧಿಯ ಬಳಿ ಡ್ರೋನ್ ಹಾರಿಸಿದವರಿಗೆ ಹೊಲದಲ್ಲಿ ಭಾರಿ ವೃತ್ತವೊಂದು ಕಾಣಿಸಿತು. ಆದ್ದರಿಂದ ಗೂಗಲ್ ಅರ್ಥ್ ಪ್ರೋದಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನು ತೆರೆದು, ಮಳೆ ಕೈಕೊಟ್ಟ ವರ್ಷದ ಬೇಸಿಗೆಯನ್ನೇ ಆರಿಸಿಕೊಳ್ಳಿ. ದಟ್ಟ ಕಾಡಿನಲ್ಲಿ ಈ ಉಪಾಯ ನಡೆಯದು. ಕಾಂಬೋಡಿಯಾದ ಹಳೆಯ ರಾಜಧಾನಿ ಅಂಕೋರ್ ಸುತ್ತಲಿನ ಕಾಡಿನಡಿಯ ಬೀದಿಗಳ ಜಾಲ ಸ್ಪಷ್ಟವಾದದ್ದು 2012ರ ಲೈಡಾರ್ ಸಮೀಕ್ಷೆಯಿಂದ, ಲೇಸರ್ ಕಿರಣಗಳು ಎಲೆಗಳ ನಡುವಿನ ಸಂದುಗಳಲ್ಲಿ ನುಸುಳಿ ನೆಲವನ್ನು ಅಳೆದದ್ದರಿಂದ.

ಅಣೆಕಟ್ಟಿನ ನೀರಿನಲ್ಲೋ ಹೊಸ ಬಡಾವಣೆಗಳಡಿಯಲ್ಲೋ ಮುಳುಗಿದ ತಾಣಗಳಿಗೆ ಅಮೆರಿಕದ ಕರೋನಾ ಗೂಢಚಾರ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳಿವೆ. 1995ರಲ್ಲಿ ಇವುಗಳ ಮೇಲಿನ ಗೋಪ್ಯತೆಯನ್ನು ತೆಗೆಯಲಾಯಿತು. ಪಶ್ಚಿಮ ಏಷ್ಯಾದ ತಾಣಗಳ ಅಧ್ಯಯನಕ್ಕೆ ಇವು ಬಹಳ ನೆರವಾಗಿವೆ. ಈ ಫಿಲ್ಮಿನ ಉದ್ದನೆಯ ಪಟ್ಟಿಗಳು ಎರಡೂ ತುದಿಗಳಲ್ಲಿ ವಿರೂಪಗೊಂಡಿರುತ್ತವೆ. ಹಾಗಾಗಿ ನಿಮಗೆ ಬೇಕಾದ ತಾಣ ಆದಷ್ಟು ಪಟ್ಟಿಯ ನಡುವಿಗೆ ಬರುವ ಚಿತ್ರವನ್ನೇ ಹುಡುಕಿಕೊಳ್ಳಿ.