ತಟ್ಟೆಯಲ್ಲಿಟ್ಟ ಗೋಳಿ ಸಸಿ ಯಾಕೆ ಬೆಳೆಯುತ್ತಿಲ್ಲ?

ಪ್ರಶ್ನೆ: ಬಾವಿಕಟ್ಟೆಯ ಸಂದಿಯಲ್ಲಿ ಹುಟ್ಟಿದ್ದ ಗೋಳಿ (ಆಲದ ಜಾತಿಯ ಮರ) ಸಸಿಯನ್ನು ಕಿತ್ತು ತಂದು ಬೋನ್ಸಾಯ್ ತಟ್ಟೆಯಲ್ಲಿ ನೆಟ್ಟಿದ್ದೇನೆ. ಕೆಂಪು ಮಣ್ಣು, ಸಗಣಿ ಗೊಬ್ಬರ ಹಾಕಿದ್ದೇನೆ. ತಿಂಗಳಿಗೊಮ್ಮೆ ಯೂರಿಯಾ ಕೊಡುತ್ತೇನೆ. ಎರಡು ವರ್ಷವಾದರೂ ಕಾಂಡ ಪೆನ್ಸಿಲಿನಷ್ಟೇ ಇದೆ. ಮಳೆಗಾಲದಲ್ಲಿ ಎಲೆ ಹಳದಿಯಾಗಿ ಉದುರುತ್ತದೆ. ಬೇರೆ ಯಾವ ಗೊಬ್ಬರ ಹಾಕಲಿ?
– ಓದುಗರೊಬ್ಬರು, ಕಾರವಾರ

ಉತ್ತರ: ಗೊಬ್ಬರದ ಮಾತು ಆಮೇಲೆ. ಮೊದಲು ಸಸಿಯನ್ನು ಆ ತಟ್ಟೆಯಿಂದ ತೆಗೆಯಿರಿ. ತಟ್ಟೆ ಇರುವುದು ಕಾಂಡ ದಪ್ಪವಾಗಿ, ಆಕಾರ ಬಂದ ಮರಕ್ಕೆ. ಬೆಳವಣಿಗೆಯನ್ನು ಹಿಡಿದಿಡುವುದೇ ಅದರ ಕೆಲಸ. ಎಳೆಯ ಸಸಿಯನ್ನು ಅದರಲ್ಲಿಟ್ಟು ಬೆಳೆ ಅಂದರೆ ಹೇಗೆ ಬೆಳೆದೀತು, ಅಲ್ವಾ?

8ರಿಂದ 10 ಇಂಚಿನ ಕುಂಡ ಸಾಕು. ತಳದಲ್ಲಿ ನಾಲ್ಕೈದು ತೂತು ಇರಲಿ. ಹಿತ್ತಲಲ್ಲಿ ನೆಲಕ್ಕೇ ನೆಟ್ಟರೆ ಇನ್ನೂ ಬೇಗ ದಪ್ಪವಾಗುತ್ತದೆ. ಆದರೆ ಗೋಳಿ ಬೇರಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಬಾವಿ, ಗೋಡೆಯ ಹತ್ತಿರ ಬೇಡ.

ಎಲೆ ಹಳದಿಯಾಗುವುದು ಮಣ್ಣಿನಿಂದ. ಕಾರವಾರದಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ನುಣ್ಣನೆಯ ಕೆಂಪು ಮಣ್ಣು ಅಂಟಿಕೊಂಡು ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಮನೆ ಹಿಂದೆ ಹಳೆ ಹಂಚು ಬಿದ್ದಿರುತ್ತದಲ್ಲ, ಅದನ್ನೇ ಕುಟ್ಟಿ. ಜರಡಿ ಹಿಡಿದು ಹಿಟ್ಟಿನಂಥ ಪುಡಿಯನ್ನೆಲ್ಲ ಎಸೆಯಿರಿ. ಹೆಸರುಕಾಳಿನಿಂದ ಕಡಲೆಕಾಳಿನಷ್ಟು ಗಾತ್ರದ ಚೂರು ಮಾತ್ರ ಉಳಿಯಲಿ. ಅದು ಎರಡು ಪಾಲು, ದಪ್ಪ ಹೊಳೆಮರಳು ಒಂದು ಪಾಲು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಒಂದು ಪಾಲು. ಸುಲಭಕ್ಕೆ ಸಿಗುತ್ತದೆ ಅಂತ ಕಡಲ ದಂಡೆಯ ಮರಳು ತರಬೇಡಿ, ಉಪ್ಪು ಬೇರನ್ನು ಸುಡುತ್ತದೆ. ಮೇಲಿಂದ ಹೊಯ್ದ ನೀರು ಕ್ಷಣದಲ್ಲಿ ಕೆಳಗೆ ಇಳಿಯಬೇಕು. ನಿಂತರೆ ಪುಡಿ ಉಳಿದಿದೆ ಎಂದರ್ಥ, ಮತ್ತೆ ಜರಡಿ ಹಿಡಿಯಿರಿ. ಇಂಥ ಮಿಶ್ರಣ ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು ಬೇಕಾದೀತು.

ಕುಂಡ ಬದಲಿಸುವಾಗ ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ. ಜೋರು ಮಳೆ ಇದ್ದರೆ ಕೆಲವು ದಿನ ಮಾಡಿನಡಿ ಇಡಿ.

ಈಗ ಗೊಬ್ಬರ. ಯೂರಿಯಾ ನಿಲ್ಲಿಸಿ. ಅದರಲ್ಲಿ ಸಾರಜನಕವೇ 46%, ಸಣ್ಣ ತಟ್ಟೆಯಲ್ಲಿ ಚಿಟಿಕೆ ಜಾಸ್ತಿಯಾದರೂ ಬೇರು ಸುಡುತ್ತದೆ. ಕುಂಡ ಬದಲಿಸಿ ಮೂರ್ನಾಲ್ಕು ವಾರ ಏನೂ ಕೊಡಬೇಡಿ. ಹೊಸ ಚಿಗುರು ಕಂಡ ಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಅನ್ನು ಲೀಟರ್ ನೀರಿಗೆ 1–2 ಗ್ರಾಂ ಕಲಸಿ, ಹದಿನೈದು ದಿನಕ್ಕೊಮ್ಮೆ ಹಾಕಿ. ಶೇಂಗಾ ಹಿಂಡಿ ನೆನೆಸಿ, ಹತ್ತು ಪಾಲು ನೀರು ಬೆರೆಸಿ ಕೊಟ್ಟರೂ ಆಗುತ್ತದೆ. ನನಗೆ ಹಿಂಡಿಯೇ ಇಷ್ಟ, ಆದರೆ ವಾಸನೆಗೆ ಮನೆಯವರು ಬೈದರೆ ನಾನು ಹೊಣೆಯಲ್ಲ. ಮಳೆಗಾಲದಲ್ಲಿ ಗೊಬ್ಬರ ತೊಳೆದುಹೋಗುತ್ತದೆ, ಹಾಗಾಗಿ ಮಳೆ ಬಿಡುವು ಕೊಟ್ಟಾಗ ಸ್ವಲ್ಪ ಸ್ವಲ್ಪವೇ ಕೊಡಿ. ಶಿರಸಿ ಕಡೆಯವರು ಡಿಸೆಂಬರ್–ಜನವರಿ ಚಳಿಯಲ್ಲಿ ಕಡಿಮೆ ಮಾಡಿದರೆ ಒಳ್ಳೆಯದು.

ಇನ್ನೊಂದು ಮಾತು. ಸುಮ್ನೆ ದಿನಾ ಚಿಗುರು ಚಿವುಟುತ್ತಾ ಕೂರಬೇಡಿ. ಬುಡದ ಹತ್ತಿರದ ಒಂದು ಕೊಂಬೆಯನ್ನು ಉದ್ದಕ್ಕೆ ಬೆಳೆಯಲು ಬಿಡಿ. ಆ ಕೊಂಬೆಯ ಎಲೆಗಳೇ ಕಾಂಡವನ್ನು ದಪ್ಪ ಮಾಡುತ್ತವೆ. ಬೇಕಾದಷ್ಟು ದಪ್ಪವಾದ ಮೇಲೆ ಅದನ್ನು ಕತ್ತರಿಸಿ ತೆಗೆಯಬಹುದು.