ಉತ್ತರ ನಿಮ್ಮೂರ ಹಾಲಿನ ಡೇರಿಯಲ್ಲೇ ಇದೆ

ರಾಣೆಬೆನ್ನೂರು ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ನನ್ನದು ಟೇಲರಿಂಗ್ ಅಂಗಡಿ. ಆರು ವರ್ಷದ ಮಗಳು, ಒಂದೂವರೆ ವರ್ಷದ ಮಗ. ನಮ್ಮದು ಎಪಿಎಲ್ ಕಾರ್ಡ್. ಮಕ್ಕಳಿಗೆ ಆರೋಗ್ಯ ವಿಮೆ ಮಾಡಿಸಿ ಅಂತ ಏಜೆಂಟ್ ಒಬ್ಬರು ಬೆನ್ನು ಬಿದ್ದಿದ್ದಾರೆ. ವರ್ಷಕ್ಕೆ ಹದಿನಾಲ್ಕು ಸಾವಿರ ಅಂತಾರೆ. ಅಷ್ಟು ಎಲ್ಲಿಂದ ತರೋದು? ಮಕ್ಕಳಿಗೆ ಮಾತ್ರ ಕಡಿಮೆ ದುಡ್ಡಿನ ಪಾಲಿಸಿ ಇದ್ದರೆ ತಿಳಿಸಿ. ಎರಡು ಎಮ್ಮೆ ಇವೆ, ಹೆಂಡತಿ ಡೇರಿಗೆ ಹಾಲು ಹಾಕುತ್ತಾಳೆ. ಹೇಗೋ ಮನೆ ನಡೀತಿದೆ."

ಸಂಪಾದಕರ ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಕಷ್ಟ ಹೇಳಿಕೊಳ್ಳೋಕೆ ಅಂತ ಕೊನೆಗೆ ಒಂದು ಮಾತು ಸೇರಿಸಿದ್ದೀರಿ ನೋಡಿ, ಡೇರಿಗೆ ಹಾಲು ಹಾಕುವ ಮಾತು, ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ನಿಮ್ಮ ಹೆಂಡತಿ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯೆಯಾಗಿದ್ದರೆ ನಿಮ್ಮ ಮನೆಗೆ ಯಶಸ್ವಿನಿ ಸಿಗುತ್ತದೆ, ಸಹಕಾರ ಸಂಘಗಳ ಸದಸ್ಯರಿಗೆ ಅಂತಲೇ ಇರುವ ರಾಜ್ಯ ಸರ್ಕಾರದ ಆರೋಗ್ಯ ಯೋಜನೆ ಅದು. ಹಳ್ಳಿಯ ಸಂಘವಾದರೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ನೀವು ಸರಿಯಾಗಿ ನಾಲ್ಕೇ ಜನ. ಐದನೆಯವರಿದ್ದರೆ ಇನ್ನೊಂದು ನೂರು. ಚಿಕಿತ್ಸೆಯ ಮಿತಿ ವರ್ಷಕ್ಕೆ 5 ಲಕ್ಷ.

ಏಜೆಂಟ್ ಹೇಳಿದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಮನೆಯವರು ಸ್ವಂತಕ್ಕೆ ಮಾಡಿಸುವ ಆರೋಗ್ಯ ವಿಮೆಯ ಮೇಲೆ ಶೇ. 18ರ ಜಿಎಸ್‌ಟಿ ಇಲ್ಲ, ಒಳ್ಳೆಯದಾಯಿತು. ಕೈಯಲ್ಲಿ ದುಡ್ಡಿರುವವರು ಮಾಡಿಸಲಿ. ಆದರೆ ಮಕ್ಕಳಿಗೆ ಮಾತ್ರ ಪಾಲಿಸಿ ಅನ್ನುವ ಯೋಚನೆ ಬಿಡಿ. ಹೆಚ್ಚಿನ ಕಂಪನಿಗಳು ಅಪ್ಪ ಅಮ್ಮನ ಜೊತೆ ಸೇರಿಸಿಯೇ ಮಕ್ಕಳಿಗೆ ಕೊಡುತ್ತವೆ, ಅದೇ ಸರಿ ಕೂಡ. ಹೊಲಿಗೆ ಮೆಷಿನ್ ತುಳಿಯುವ ಕಾಲು ಮುರಿದರೆ ಮಕ್ಕಳ ಹಾಲು ನಿಲ್ಲುತ್ತದೆ ಅಲ್ವಾ?

ಕಂಪನಿ ಪಾಲಿಸಿಯ ಅನುಭವ ನನಗೂ ಇದೆ. ನನ್ನ ಮೊಮ್ಮಗಳಿಗೆ ಡೆಂಗಿ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಪಾಲಿಸಿ 3 ಲಕ್ಷದ್ದು, ರೂಮಿಗೆ ದಿನಕ್ಕೆ ಶೇ. 1, ಅಂದರೆ 3,000 ರೂಪಾಯಿ ಮಿತಿ. ನಾವು ಹಿಡಿದದ್ದು 6,000ದ ರೂಮು, ಆ ರಾತ್ರಿ ಅದೊಂದೇ ಖಾಲಿ ಇತ್ತು. ಬಿಲ್ ಬಂದಾಗ, ರೂಮು ಮಿತಿಯ ಎರಡರಷ್ಟು ಅಂತ, ಬಾಡಿಗೆಯಲ್ಲಿ ಅಷ್ಟೇ ಅಲ್ಲ, ಡಾಕ್ಟರ್ ಫೀಸು, ನರ್ಸಿಂಗ್ ಚಾರ್ಜು ಎಲ್ಲದರಲ್ಲೂ ಅರ್ಧಕ್ಕರ್ಧ ಕಡಿದಿದ್ದರು. ಕೈಗವಸು, ಹತ್ತಿಯ ದುಡ್ಡು ಬೇರೆ ನಮ್ಮ ತಲೆಗೆ. ಪಾಲಿಸಿ ಪುಸ್ತಕದಲ್ಲಿ ಬರೆದಿದೆಯಲ್ಲ ಸಾರ್ ಅಂದರು ಕಂಪನಿಯವರು. ಬರೆದಿತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಮಗು ನಡುಗುತ್ತಿರುವಾಗ ಯಾರು ಓದುತ್ತಾರೆ?

ಇದರ ಎದುರಿಗೆ ನನ್ನ ಅಕ್ಕನ ಮನೆಯ ಕಥೆ ಕೇಳಿ. ಯಶಸ್ವಿನಿ 2003ರಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ತಿಂಗಳಿಗೆ ಐದೇ ರೂಪಾಯಿ. ಡೇರಿ ಸೆಕ್ರೆಟರಿ ಅಕ್ಕನ ಹಾಲಿನ ಬಿಲ್ಲಿನಲ್ಲೇ ಅದನ್ನು ಮುರಿದುಕೊಂಡಿದ್ದರು. ಅಕ್ಕನಿಗೆ ಸಿಟ್ಟು ಬಂದಿತ್ತು. ಎರಡು ವರ್ಷದ ಮೇಲೆ ಅವಳ ಕಿರಿಮಗನಿಗೆ ಹರ್ನಿಯಾ ಆಪರೇಷನ್ ಆಗಬೇಕಾಯಿತು. ಕಾರ್ಡ್ ಎಲ್ಲಿಟ್ಟಿದ್ದೇವೆ ಅಂತ ಮನೆಯೆಲ್ಲ ಹುಡುಕಿದರು. ಸಿಕ್ಕಿದ್ದು ಅಕ್ಕಿ ಡಬ್ಬಿಯಲ್ಲಿ. ಹುಡುಗನ ಆಪರೇಷನ್‌ಗೆ ದುಡ್ಡು ಕಟ್ಟದೆ ಮನೆಗೆ ಬಂದರು. ಆ ದುಡ್ಡು ಯಾರದು? ಹಾಲು ಹಾಕುವವರದು, ಬೀಜ ಗೊಬ್ಬರಕ್ಕೆ ಸೊಸೈಟಿಗೆ ಹೋಗುವವರದು, ಜೊತೆಗೆ ಸರ್ಕಾರದ ಪಾಲು. ಯಾರದೋ ಮನೆಯ ಅರವತ್ತು ರೂಪಾಯಿ ನನ್ನ ಅಕ್ಕನ ಮಗನಿಗೆ ಆಯಿತು. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಮಿತಿಗಳೂ ಇವೆ, ಮುಚ್ಚಿಡುವುದಿಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆ, ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ. ಮಕ್ಕಳಿಗೆ ಪದೇ ಪದೇ ಬರುವ ಶೀತ, ಕೆಮ್ಮಿನ ಔಷಧಿಗೆ ಇದು ಆಗುವುದಿಲ್ಲ. ನೋಂದಣಿ ವರ್ಷದಲ್ಲಿ ಕೆಲವೇ ತಿಂಗಳು. ಸದಸ್ಯತ್ವ ಹೊಸದಾದರೆ ಸ್ವಲ್ಪ ಕಾಯಬೇಕಾದೀತು, ಸೆಕ್ರೆಟರಿಯನ್ನು ಕೇಳಿ. ಎಪಿಎಲ್ ಆದರೂ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ನಿಮಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ಶೇ. 30 ಸಿಗುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಬಿಪಿಎಲ್‌ನವರಿಗೆ 5 ಲಕ್ಷದವರೆಗೆ ಉಚಿತ. ಇನ್ನೊಂದು, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಡಾಕ್ಟರ ತಂಡ ಬರುತ್ತದೆ, ಶಾಲೆಗೆ ಒಂದು ಸಲ. ಅದು 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಹೃದಯದಲ್ಲಿ ರಂಧ್ರ, ಸೀಳು ತುಟಿ, ತಿರುಚಿದ ಪಾದ ಇಂಥವನ್ನು ಅವರೇ ಪತ್ತೆ ಹಚ್ಚಿ ಉಚಿತ ಚಿಕಿತ್ಸೆಗೆ ಕಳಿಸುತ್ತಾರೆ. ಆ ದಿನ ಮಗನನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ನನ್ನ ಬೇಜಾರು ಒಂದಿದೆ, ನಿಮ್ಮ ಮೇಲೂ ಸ್ವಲ್ಪ. ಹೆಂಡತಿ ದಿನಾ ಎರಡು ಹೊತ್ತು ಡೇರಿಯ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ಏನೇನು ಸಿಗುತ್ತದೆ ಅಂತ ನೀವು ಒಂದು ದಿನವೂ ಕೇಳಲಿಲ್ಲ. ನೀವೊಬ್ಬರೇ ಅಲ್ಲ, ನಾವೆಲ್ಲ ಹೀಗೇ. ಇಡೀ ದೇಶದಲ್ಲೇ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರು. ನಿಮ್ಮೂರಿಂದ ದೂರವೇನಲ್ಲ. ಅಂಥ ನಾಡಿನಲ್ಲಿ ಇವತ್ತು ಸೊಸೈಟಿ ಅಂದರೆ ಎಲೆಕ್ಷನ್, ಸಾಲ ಮನ್ನಾ, ಇಷ್ಟೇ. ಸರ್ವಸದಸ್ಯರ ಸಭೆಗೆ ಉಪ್ಪಿಟ್ಟು ತಿನ್ನೋಕೆ ಹೋಗುತ್ತೇವೆ, ಲೆಕ್ಕ ಓದುವಾಗ ಎದ್ದು ಬರುತ್ತೇವೆ. 2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಿದಾಗ ನನ್ನ ಅಕ್ಕನ ಊರಿನಲ್ಲಿ ಒಬ್ಬರೂ ಯಾಕೆ ಅಂತ ಕೇಳಲಿಲ್ಲ. 2022-23ರಲ್ಲಿ ಮತ್ತೆ ಶುರುವಾಯಿತು. ನಡುವಿನ ವರ್ಷಗಳಲ್ಲಿ ಎಷ್ಟು ಮನೆಯವರು ಎಮ್ಮೆ ಮಾರಿ ಆಸ್ಪತ್ರೆ ಬಿಲ್ ಕಟ್ಟಿದರೋ.

ನಾಳೆ ಬೆಳಿಗ್ಗೆ ಹಾಲಿನ ಕ್ಯಾನು ನೀವೇ ಹೊತ್ತುಕೊಂಡು ಹೋಗಿ. ಹೆಂಡತಿಯ ಹೆಸರು ಸದಸ್ಯರ ಪುಸ್ತಕದಲ್ಲಿ ಇದೆಯಾ ಅಂತ ಸೆಕ್ರೆಟರಿ ಹತ್ತಿರ ಕಣ್ಣಾರೆ ನೋಡಿ. ಸುಮ್ನೆ ಹಾಲು ಹಾಕುತ್ತಿದ್ದಾರಾ, ಷೇರು ಕಟ್ಟಿ ಸದಸ್ಯೆಯಾಗಿದ್ದಾರಾ, ಅದನ್ನೂ ಕೇಳಿ. ನೋಂದಣಿ ಯಾವಾಗ ಅಂತ ಬರೆಸಿಕೊಳ್ಳಿ. ಕಾರ್ಡ್ ಕೈಗೆ ಬಂದ ದಿನ ನನಗೊಂದು ಕಾಗದ ಹಾಕಿ.