ಕಲಿಯುವ ಆಸೆ ಹುಟ್ಟಿಸುವ ಶಿಕ್ಷಕಿಯಾಗುವುದು ಹೇಗೆ?

ಪ್ರಶ್ನೆ: ಎರಡು ವರ್ಷಗಳಿಂದ 11–12 ವಯಸ್ಸಿನ ಮಕ್ಕಳಿಗೆ ಗಣಿತ ಕಲಿಸುತ್ತಿದ್ದೇನೆ. ಚೆನ್ನಾಗಿ ಸಿದ್ಧತೆ ಮಾಡಿಕೊಂಡೇ ತರಗತಿಗೆ ಹೋಗುತ್ತೇನೆ, ವಿಡಿಯೊ ತೋರಿಸುತ್ತೇನೆ, ಸರಿಯುತ್ತರ ಕೊಟ್ಟವರ ಪುಸ್ತಕಕ್ಕೆ ನಕ್ಷತ್ರದ ಚೀಟಿ ಅಂಟಿಸುತ್ತೇನೆ. ಆದರೂ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: "ಇದು ಪರೀಕ್ಷೆಗೆ ಬರುತ್ತದೆಯೇ?" ತಾವಾಗಿಯೇ ಕಲಿಯಬೇಕೆಂಬ ಆಸೆಯನ್ನು ಅವರಲ್ಲಿ ಹುಟ್ಟಿಸುವುದು ಹೇಗೆ?

ಉತ್ತರ: ತರಗತಿಯಲ್ಲಿ ನೀವು ಏನೇನು ಮಾಡುತ್ತೀರಿ ಎಂಬುದನ್ನು ಬರೆದಿದ್ದೀರಿ, ಮಕ್ಕಳು ಏನು ಮಾಡುತ್ತಾರೆ ಎಂಬುದು ಪತ್ರದಲ್ಲಿ ಎಲ್ಲಿಯೂ ಇಲ್ಲ. ಸಿದ್ಧತೆ ನಿಮ್ಮದು, ಪ್ರಶ್ನೆ ನಿಮ್ಮದು, ಸರಿ ತಪ್ಪಿನ ತೀರ್ಪೂ ನಿಮ್ಮದೇ. ಮಕ್ಕಳ ಪಾಲಿಗೆ ಉಳಿದಿರುವುದು ಪರೀಕ್ಷೆಯೊಂದೇ ಆಗಿರುವಾಗ ಅವರು ಅದನ್ನೇ ವಿಚಾರಿಸುವುದರಲ್ಲಿ ಆಶ್ಚರ್ಯವಿಲ್ಲ. ಸ್ಫೂರ್ತಿ ತುಂಬುವ ಶಿಕ್ಷಕರೆಂದರೆ ಮಾತಿನ ಮಲ್ಲರಾಗಿರಬೇಕೆಂಬ ನಂಬಿಕೆ ಬಲವಾಗಿದೆ. ನಾನು ಕಂಡ ಅತ್ಯುತ್ತಮ ಶಿಕ್ಷಕರಲ್ಲಿ ಹಲವರು ಮಿತಭಾಷಿಗಳು.

ಹಿಂದಿನ ಬೆಂಚಿನಲ್ಲಿ ಕುಳಿತು ನಾನು ನೋಡಿದ ಒಂದು ತರಗತಿಯ ಉದಾಹರಣೆ ಕೊಡುತ್ತೇನೆ. ಅರ್ಧಕ್ಕೆ ಮೂರನೇ ಒಂದು ಭಾಗವನ್ನು ಕೂಡಿಸಬೇಕಿತ್ತು. ಹುಡುಗನೊಬ್ಬ ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ ಹಲಗೆಯ ಮೇಲೆ 2/5 ಎಂದು ಬರೆದ. ಶಿಕ್ಷಕಿ ತಪ್ಪೆನ್ನಲಿಲ್ಲ, "ಅರ್ಧ ದೊಡ್ಡದೋ, ಐದರಲ್ಲಿ ಎರಡು ಭಾಗ ದೊಡ್ಡದೋ?" ಎಂದಷ್ಟೇ ಕೇಳಿ, ಕಿಟಕಿಯ ಬಳಿ ಹೋಗಿ ನಿಂತರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹುಡುಗಿಯೊಬ್ಬಳು ಅರ್ಧವೇ ದೊಡ್ಡದೆಂದಳು. "ಹಾಗಾದರೆ ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಯಿತೇ?" ಎಂದು ಶಿಕ್ಷಕಿ ಕೇಳಿದ್ದೇ ತಡ, ಹುಡುಗ ತಾನು ಬರೆದದ್ದನ್ನು ಅಂಗೈಯಿಂದ ಒರೆಸಿ, ಸೀಮೆಸುಣ್ಣ ಕೆಳಗಿಡದೆ ಹಲಗೆಯನ್ನೇ ದಿಟ್ಟಿಸುತ್ತ ನಿಂತ. ಛೇದಗಳನ್ನು ಸಮ ಮಾಡುವ ವಿಧಾನ ಆಗ ಅವನಿಗೆ ಬೇಕಾಗಿತ್ತು. ಹತ್ತು ನಿಮಿಷ ಮೊದಲೇ ಹೇಳಿಬಿಟ್ಟಿದ್ದರೆ ಅದು ಬಾಯಿಪಾಠ ಮಾಡಬೇಕಾದ ಮತ್ತೊಂದು ನಿಯಮವಾಗಿರುತ್ತಿತ್ತು. ನಾವು ಶಿಕ್ಷಕರು ಹಸಿವಾಗುವ ಮುನ್ನವೇ ಬಡಿಸಿ, ಉಣ್ಣಲಿಲ್ಲವೆಂದು ಕೊರಗುವವರು.

ಆ ಮೌನದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ 1 ಸೆಕೆಂಡಿನಷ್ಟೇ ಕಾಯುತ್ತಾರೆಂದು ಕಂಡುಬಂತು. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ದೀರ್ಘವಾದವು, ಎಂದೂ ಬಾಯಿ ತೆರೆಯದ ಮಕ್ಕಳು ಮಾತಾಡಿದರು, ಮಕ್ಕಳೇ ಪ್ರಶ್ನೆ ಕೇಳುವುದೂ ಹೆಚ್ಚಿತು. ಮಗುವಿನ ಉತ್ತರ ಮುಗಿದ ಮೇಲೂ, ನಾವು "ಶಭಾಷ್" ಎನ್ನುವ ಮೊದಲು, ಅಷ್ಟೇ ಹೊತ್ತು ಸುಮ್ಮನಿರುವುದು ಮುಖ್ಯ. ಮಗು ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವುದು ಆ ಬಿಡುವಿನಲ್ಲಿ. ಹೇಳುವುದಕ್ಕೆ ಸುಲಭವೇನೋ ಹೌದು, ಆದರೆ ನಲವತ್ತು ಜೋಡಿ ಕಣ್ಣುಗಳ ಮುಂದೆ ಮೂರು ಸೆಕೆಂಡು ಬಾಯಿ ಬಿಗಿಹಿಡಿಯುವುದನ್ನು ರೂಢಿಸಿಕೊಳ್ಳಲು ನನಗೆ ಒಂದಿಡೀ ವರ್ಷ ಬೇಕಾಯಿತು.

ಇನ್ನು ನಿಮ್ಮ ನಕ್ಷತ್ರಗಳು. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬರೆಯುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಚಿನ್ನದ ನಕ್ಷತ್ರವಿರುವ ಪ್ರಮಾಣಪತ್ರ ಕೊಡುವುದಾಗಿ ಮುಂಚಿತವಾಗಿ ಹೇಳಲಾಗಿತ್ತು. ಒಂದೆರಡು ವಾರಗಳ ನಂತರ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಆಸಕ್ತಿ ಹೀಗೆ ಕುಗ್ಗಲಿಲ್ಲ. ಆದ್ದರಿಂದ ಬಹುಮಾನವೆಂಬುದೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮಗು ಮುಟ್ಟಿಯೂ ನೋಡದ ಕೆಲಸಕ್ಕೆ ಅದನ್ನು ಎಳೆತರಲು ಒಂದು ಚೀಟಿ ನೆರವಾಗಬಹುದು. ಆದರೆ ಮೊದಲೇ ಇಷ್ಟಪಟ್ಟು ಮಾಡುತ್ತಿರುವ ಕೆಲಸಕ್ಕೆ ಕೂಲಿ ಗೊತ್ತುಮಾಡಿದರೆ ಅದು ಕೂಲಿಯ ಕೆಲಸವೇ ಆಗಿಬಿಡುತ್ತದೆ.

ಅಂಕಗಳ ವಿಷಯದಲ್ಲಿಯೂ ಇಂಥದೇ ಒಂದು ಸಂಗತಿಯಿದೆ. ಇಸ್ರೇಲಿನ ಮನೋವಿಜ್ಞಾನಿ ರುತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚುಕಡಿಮೆ ನಿಮ್ಮ ವಿದ್ಯಾರ್ಥಿಗಳದೇ ವಯಸ್ಸಿನ ಮಕ್ಕಳಲ್ಲಿ, ಬರಹದ ಟಿಪ್ಪಣಿಯನ್ನು ಮಾತ್ರ ಪಡೆದವರ ಆಸಕ್ತಿ ಉಳಿಯಿತು; ಟಿಪ್ಪಣಿಯ ಪಕ್ಕದಲ್ಲಿ ಅಂಕವೂ ಇದ್ದಾಗ ಆ ಪ್ರಯೋಜನ ಕಾಣಲಿಲ್ಲ. ಅಂಕ ಕಂಡ ಕಣ್ಣು ಟಿಪ್ಪಣಿಯತ್ತ ಹೋಗುವುದಿಲ್ಲವೆಂಬುದು ನಮಗೆಲ್ಲ ಅನುಭವದಿಂದ ಗೊತ್ತಿರುವುದೇ. ಪರೀಕ್ಷೆಗೆ ಅಂಕ ಕೊಡದೆ ವಿಧಿಯಿಲ್ಲ, ಆದರೆ ದಿನನಿತ್ಯದ ಅಭ್ಯಾಸ ಪುಸ್ತಕಕ್ಕೆ ಅದರ ಅಗತ್ಯವಿಲ್ಲ. ಅಲ್ಲಿ "ಚೆನ್ನಾಗಿದೆ" ಎಂಬ ಸವಕಲು ಮಾತಿನ ಬದಲು, "ಮೂರನೆಯ ಸಾಲಿನವರೆಗೆ ನಿನ್ನ ದಾರಿ ಸರಿಯಾಗಿದೆ, ನಾಲ್ಕನೆಯದರಲ್ಲಿ ಋಣ ಚಿಹ್ನೆ ಎಲ್ಲಿ ಹೋಯಿತು?" ಎಂದು ಬರೆದು ನೋಡಿ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಭಿನ್ನರಾಶಿಯೆಂದರೇನೆಂದೇ ತಿಳಿಯದ ಮಗುವಿನ ಮುಂದೆ ನೀವು ಎಷ್ಟು ಹೊತ್ತು ಮೌನವಾಗಿ ನಿಂತರೂ ಆಸೆ ಹುಟ್ಟುವುದಿಲ್ಲ, ಅವಮಾನವಾಗುತ್ತದೆ, ಅಷ್ಟೇ. ಹಿಂದುಳಿದ ಮಗುವಿಗೆ ಮೊದಲು ಬೇಕಾದದ್ದು ತನ್ನ ಕೈಯಲ್ಲೂ ಆಗುತ್ತದೆಂಬ ಅನುಭವ. ಅದಕ್ಕೆ ಹಿಂದಿನ ಪಾಠವನ್ನು ನೇರವಾಗಿ, ಬಿಡಿಸಿ ಬಿಡಿಸಿ ಹೇಳಿಕೊಡಬೇಕಾದೀತು.

"ಪರೀಕ್ಷೆಗೆ ಬರುತ್ತದೆಯೇ?" ಎಂದು ಕೇಳಿದಾಗ ಬೇಸರಪಡದೆ, ಬರುವುದಾದರೆ ಬರುತ್ತದೆಂದು ಹೇಳಿ ಮುಂದುವರಿಯಿರಿ. ನಾಳೆಯ ಪಾಠದಲ್ಲಿ ಒಂದು ಲೆಕ್ಕವನ್ನು ಮಾತ್ರ ಬೇರೆ ರೀತಿಯಲ್ಲಿ ಮಾಡಿ: ವಿಧಾನ ಹೇಳುವ ಮೊದಲು ಉತ್ತರವನ್ನು ಊಹಿಸಲು ಹೇಳಿ, ಬಂದ ಊಹೆಗಳನ್ನೆಲ್ಲ ಸರಿ ತಪ್ಪೆನ್ನದೆ ಹಲಗೆಯ ಮೇಲೆ ಬರೆದು ಹಿಂದೆ ಸರಿಯಿರಿ. ಮೊದಲ ಕೆಲವು ದಿನ ಮಕ್ಕಳು ಹಲಗೆಯನ್ನು ಬಿಟ್ಟು ನಿಮ್ಮ ಮುಖವನ್ನೇ ನೋಡುತ್ತಾರೆ, ಯಾವ ಊಹೆ ಸರಿಯೆಂದು ಅಲ್ಲಿ ಬರೆದಿರಬಹುದೇನೋ ಎಂದು.